ಶಾಶ್ವತವೆಂದು ಮಾರಿದ ನೆಲ: ಲಂಡನ್ನಿನ ಕಂಪನಿ ಸ್ಮಶಾನಗಳು ಮತ್ತು ಅವುಗಳ ನೆಲಮಾಳಿಗೆಗಳು

ಲಂಡನ್ ನಗರದ ಸುತ್ತ 1833ರಿಂದ 1841ರವರೆಗಿನ ಅಲ್ಪ ಅವಧಿಯಲ್ಲಿ ಏಳು ದೊಡ್ಡ ಸ್ಮಶಾನಗಳು ಹುಟ್ಟಿಕೊಂಡವು. ವಾಯವ್ಯಕ್ಕೆ ಕೆನ್ಸಲ್ ಗ್ರೀನ್, ಉತ್ತರದ ಗುಡ್ಡದ ಇಳಿಜಾರಿನಲ್ಲಿ ಹೈಗೇಟ್, ದಕ್ಷಿಣಕ್ಕೆ ನಾರ್ವುಡ್ ಮತ್ತು ನನ್‌ಹೆಡ್, ಪಶ್ಚಿಮಕ್ಕೆ ಬ್ರಾಂಪ್ಟನ್, ಈಶಾನ್ಯದಲ್ಲಿ ಆಬ್ನಿ ಪಾರ್ಕ್, ಪೂರ್ವದಲ್ಲಿ ಟವರ್ ಹ್ಯಾಮ್ಲೆಟ್ಸ್ ಹೀಗೆ ನಗರವನ್ನು ಸುತ್ತುವರಿದ ಈ ನೆಲಗಳನ್ನು ಕೊಂಡು, ಗೋಡೆ ಕಟ್ಟಿ, ಮರ ನೆಟ್ಟು, ನೆಲದಡಿಯಲ್ಲಿ ಇಟ್ಟಿಗೆಯ ಕಮಾನುಗಳನ್ನು ಹೂಡಿದವರು ಪಾದ್ರಿಗಳಾಗಲಿ ಸರ್ಕಾರಿ ಅಧಿಕಾರಿಗಳಾಗಲಿ ಆಗಿರಲಿಲ್ಲ. ಷೇರು ಮಾರಿ ಬಂಡವಾಳ ಕೂಡಿಸಿ, ಲಾಭಾಂಶದ ಲೆಕ್ಕ ಹಾಕಿ ಕೆಲಸಕ್ಕಿಳಿದ ಖಾಸಗಿ ಕಂಪನಿಗಳು ಅದನ್ನು ಮಾಡಿದವು. ಆ ಕಂಪನಿಗಳು ಮಾರಾಟಕ್ಕಿಟ್ಟ ಸರಕೆಂದರೆ ಒಂದು ಭರವಸೆ: ಇಲ್ಲಿ ಹೂಳಿದವರನ್ನು ಇನ್ನೆಂದಿಗೂ ಯಾರೂ ಅಲುಗಿಸುವುದಿಲ್ಲ ಎಂಬುದು. ಲಂಡನ್ನಿನ ಜನಸಾಮಾನ್ಯರಿಗೆ ಇಂಥ ಭರವಸೆ ಅದುವರೆಗೆ ಸಿಕ್ಕಿದ್ದು ಅಪರೂಪ, ಏಕೆಂದರೆ ಹಳೆಯ ಪದ್ಧತಿಯಲ್ಲಿ ಗೋರಿಯೆಂಬುದು ಯಾರ ಸ್ವತ್ತೂ ಆಗಿರಲಿಲ್ಲ.

ಆ ಹಳೆಯ ಪದ್ಧತಿಯಲ್ಲಿ ಪ್ರತಿಯೊಬ್ಬ ನಿವಾಸಿಗೂ ತನ್ನ ಪ್ಯಾರಿಷ್‌ನ, ಅಂದರೆ ಒಂದು ಚರ್ಚಿನ ವ್ಯಾಪ್ತಿಗೆ ಒಳಪಟ್ಟ ಪ್ರದೇಶದ, ಚರ್ಚ್ ಅಂಗಳದಲ್ಲಿ ಮಣ್ಣಾಗುವ ಹಕ್ಕಿತ್ತು. ಆದರೆ ಆ ಮಣ್ಣಿನಲ್ಲಿ ಶಾಶ್ವತವಾಗಿ ಉಳಿಯುವ ಹಕ್ಕು ಇರಲಿಲ್ಲ. ಕೆಲವು ವರ್ಷಗಳ ಮೇಲೆ ಅದೇ ಗುಂಡಿಯನ್ನು ಮತ್ತೆ ತೋಡಿ, ಸಿಕ್ಕ ಮೂಳೆಗಳನ್ನು ಒಂದೆಡೆ ಒಟ್ಟಿ, ಇನ್ನೊಬ್ಬರನ್ನು ಹೂಳುವುದು ಶತಮಾನಗಳಿಂದ ನಡೆದು ಬಂದ ರೂಢಿಯಾಗಿತ್ತು, ಹಳ್ಳಿಗಳಲ್ಲಿ ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಉಳ್ಳವರು ಚರ್ಚಿನ ಒಳಗೇ, ನೆಲಗಟ್ಟಿನ ಕೆಳಗಿನ ಕಮಾನು ಕೋಣೆಗಳಲ್ಲಿ ಜಾಗ ಪಡೆಯುತ್ತಿದ್ದರು. 1801ರ ಜನಗಣತಿಯಲ್ಲಿ ಹತ್ತು ಲಕ್ಷಕ್ಕೆ ತುಸು ಕಡಿಮೆಯಿದ್ದ ಲಂಡನ್ನಿನ ಜನಸಂಖ್ಯೆ 1851ರ ವೇಳೆಗೆ ಇಪ್ಪತ್ತಮೂರು ಲಕ್ಷ ದಾಟಿದಾಗ ಈ ರೂಢಿ ಕುಸಿದುಬಿತ್ತು. ನಗರದ ಸ್ಮಶಾನಗಳ ಒಟ್ಟು ವಿಸ್ತೀರ್ಣ ಸುಮಾರು 200 ಎಕರೆ, ಅದರಲ್ಲಿ ಪ್ರತಿ ವರ್ಷ ಹೂಳಬೇಕಾದ ಶವಗಳು ಸುಮಾರು 50 ಸಾವಿರ ಎಂದು ಸಾರ್ವಜನಿಕ ಆರೋಗ್ಯ ಸುಧಾರಕ ಎಡ್ವಿನ್ ಚಾಡ್ವಿಕ್ 1843ರ ತನ್ನ ವರದಿಯಲ್ಲಿ ಲೆಕ್ಕ ಕೊಟ್ಟ. ಚರ್ಚಿನ ಅಂಗಳಗಳ ನೆಲ ರಸ್ತೆಗಿಂತ ಆಳೆತ್ತರ ಏರಿತ್ತು. ಗುಂಡಿ ತೋಡುವ ಕೆಲಸಗಾರರು ಇನ್ನೂ ಕೊಳೆಯದ ಪೆಟ್ಟಿಗೆಗಳನ್ನು ಒಡೆದು ಹಲಗೆಗಳನ್ನು ಸೌದೆಗೆ ಮಾರುತ್ತಿದ್ದರೆಂಬ ಸಾಕ್ಷ್ಯ 1842ರಲ್ಲಿ ಪಾರ್ಲಿಮೆಂಟಿನ ಸಮಿತಿಯ ಮುಂದೆ ದಾಖಲಾಯಿತು.

ಈ ದುರವಸ್ಥೆಯನ್ನು ಎಲ್ಲರಿಗಿಂತ ಹಟ ಹಿಡಿದು ಬಯಲಿಗೆಳೆದವನು ಡ್ರೂರಿ ಲೇನ್ ಬಡಾವಣೆಯಲ್ಲಿ ವೃತ್ತಿ ನಡೆಸುತ್ತಿದ್ದ ಶಸ್ತ್ರವೈದ್ಯ ಜಾರ್ಜ್ ಆಲ್ಫ್ರೆಡ್ ವಾಕರ್. 1839ರಲ್ಲಿ ಅವನು ಪ್ರಕಟಿಸಿದ ಪುಸ್ತಕ ಲಂಡನ್ನಿನ ಒಂದೊಂದೇ ಸ್ಮಶಾನವನ್ನು ಹೆಸರು ಹಿಡಿದು ವಿವರಿಸಿತ್ತು, ಅದರಿಂದಾಗಿ ಜನ ಅವನನ್ನು ‘ಸ್ಮಶಾನದ ವಾಕರ್’ ಎಂದೇ ಕರೆಯತೊಡಗಿದರು. ಅವನು ವರ್ಣಿಸಿದ ಜಾಗಗಳಲ್ಲಿ ಅತ್ಯಂತ ಕುಖ್ಯಾತವಾದದ್ದು ಸ್ಟ್ರ್ಯಾಂಡ್ ಬೀದಿಯ ಹತ್ತಿರದ ಈನನ್ ಚಾಪೆಲ್. 1820ರ ದಶಕದ ಆರಂಭದಲ್ಲಿ ತೆರೆದ ಈ ಪ್ರಾರ್ಥನಾ ಮಂದಿರದ ಪಾದ್ರಿ ಅಗ್ಗದ ದರದಲ್ಲಿ ಶವಸಂಸ್ಕಾರ ನಡೆಸುತ್ತ, ಶವಗಳನ್ನೆಲ್ಲ ಮಂದಿರದ ಮರದ ನೆಲಹಾಸಿನ ಕೆಳಗಿನ ಒಂದೇ ನೆಲಮಾಳಿಗೆಗೆ ಇಳಿಸುತ್ತಿದ್ದ. ಸುಮಾರು ಅರವತ್ತು ಅಡಿ ಉದ್ದ, ಮೂವತ್ತು ಅಡಿ ಅಗಲದ ಆ ಜಾಗಕ್ಕೆ ಇಪ್ಪತ್ತು ವರ್ಷಗಳೊಳಗೆ 12 ಸಾವಿರ ಶವಗಳು ಇಳಿದಿದ್ದವೆಂದು ಆಗಿನ ಅಂದಾಜು. ಮೇಲೆ ಕುಳಿತು ಪ್ರಾರ್ಥಿಸುತ್ತಿದ್ದವರು ತಲೆಸುತ್ತಿ ಬೀಳುತ್ತಿದ್ದರು, ಭಾನುವಾರದ ಶಾಲೆಗೆ ಬಂದ ಮಕ್ಕಳ ತಲೆಗೂದಲಿಗೆ ಹಲಗೆಗಳ ಸಂದಿನಿಂದ ಹೊರಟ ಕಪ್ಪು ಹುಳುಗಳು ಮೆತ್ತಿಕೊಳ್ಳುತ್ತಿದ್ದವು. ಪಾದ್ರಿ ತೀರಿಕೊಂಡ ಬಳಿಕ ಕಟ್ಟಡ ಕೈ ಬದಲಾಯಿಸಿ ಕೆಲಕಾಲ ನೃತ್ಯಶಾಲೆಯಾಯಿತು, ಸತ್ತವರ ಮೇಲೆ ಕುಣಿಯುವುದೇ ಒಂದು ಆಕರ್ಷಣೆಯೆಂಬಂತೆ ಅದರ ಜಾಹೀರಾತೂ ನಡೆಯಿತು. ಕೊನೆಗೆ ವಾಕರ್ ತನ್ನ ಖರ್ಚಿನಲ್ಲೇ ಆ ಅವಶೇಷಗಳನ್ನು ಹೊರತೆಗೆಸಿ, 1840ರ ದಶಕದ ಕೊನೆಯಲ್ಲಿ ನಾರ್ವುಡ್‌ನ ಹೊಸ ಸ್ಮಶಾನಕ್ಕೆ ಸಾಗಿಸಿದ.

ಹೂಳಿದ ಶವ ಹೂಳಿದಲ್ಲೇ ಉಳಿಯುವುದಿಲ್ಲವೆಂಬ ಭಯಕ್ಕೆ ಇನ್ನೊಂದು ಕಾರಣವೂ ಇತ್ತು. ಅಂಗರಚನಾಶಾಸ್ತ್ರ ಕಲಿಸುವ ಶಾಲೆಗಳು ಹೆಚ್ಚಿದಂತೆ ಛೇದನಕ್ಕೆ ಬೇಕಾದ ಶವಗಳಿಗೆ ಬೆಲೆ ಬಂದು, ರಾತ್ರೋರಾತ್ರಿ ಹೊಸ ಗೋರಿಗಳನ್ನು ಅಗೆದು ಶವ ಕದಿಯುವ ತಂಡಗಳು ಹುಟ್ಟಿಕೊಂಡಿದ್ದವು. 1828ರಲ್ಲಿ ಎಡಿನ್‌ಬರೋ ನಗರದ ಬರ್ಕ್ ಮತ್ತು ಹೇರ್ ಎಂಬಿಬ್ಬರು ಅಗೆಯುವ ಶ್ರಮವನ್ನೂ ಬಿಟ್ಟು, ಜೀವಂತ ಮನುಷ್ಯರನ್ನೇ ಕೊಂದು ಮಾರಿದ್ದು ಬಯಲಾಯಿತು. 1832ರ ಅಂಗರಚನಾ ಕಾಯಿದೆ ಈ ಕಳ್ಳ ವ್ಯಾಪಾರವನ್ನು ನಿಲ್ಲಿಸಿತಾದರೂ, ವಾರಸುದಾರರು ಬಾರದ ಬಡವರ ಶವಗಳನ್ನು ವರ್ಕ್‌ಹೌಸ್ ಎಂಬ ಬಡವರ ದುಡಿಮೆಮನೆಗಳಿಂದ ನೇರವಾಗಿ ವೈದ್ಯಶಾಲೆಗಳಿಗೆ ಒಪ್ಪಿಸುವ ದಾರಿ ಮಾಡಿಕೊಟ್ಟಿತು. ಎತ್ತರದ ಗೋಡೆ, ರಾತ್ರಿ ಕಾವಲು, ಬೀಗ ಹಾಕಿದ ಕಬ್ಬಿಣದ ಬಾಗಿಲು, ಇಟ್ಟಿಗೆಯ ನೆಲಮಾಳಿಗೆ ಇವು ಮಧ್ಯಮವರ್ಗದ ಕುಟುಂಬಗಳಿಗೆ ಅಷ್ಟೊಂದು ಹಿತವಾಗಿ ಕಂಡದ್ದೇಕೆಂಬುದನ್ನು ಈ ಹಿನ್ನೆಲೆಯಿಲ್ಲದೆ ಅರ್ಥಮಾಡಿಕೊಳ್ಳುವುದು ಕಷ್ಟ.

ಊರಾಚೆಯ ತೋಟದಲ್ಲಿ ಸತ್ತವರನ್ನು ಹೂಳುವ ಆಲೋಚನೆ ಲಂಡನ್ನಿಗೆ ಬಂದದ್ದು ಪ್ಯಾರಿಸಿನಿಂದ ಎಂಬುದು ಸಾಮಾನ್ಯವಾಗಿ ಕೇಳಿಬರುವ ಮಾತು, ಅದು ಬಹುಮಟ್ಟಿಗೆ ನಿಜವೂ ಹೌದು. ಪ್ಯಾರಿಸ್ ನಗರದ ನಡುವಿದ್ದ ‘ಇನ್ನೊಸೆಂಟ್ಸ್’ ಸ್ಮಶಾನ 1780ರಲ್ಲಿ ಮುಚ್ಚಿತು. 1786ರಿಂದ ಅದರ ಮೂಳೆಗಳನ್ನು ನಗರದಡಿಯ ಹಳೆಯ ಕಲ್ಲುಗಣಿಗಳಿಗೆ ಸಾಗಿಸಲಾಯಿತು. 1804ರಲ್ಲಿ ಊರ ಹೊರಗಿನ ಗುಡ್ಡದ ಮೇಲೆ ಪೇರ್ ಲಾಶೇಸ್ ಎಂಬ ವಿಶಾಲ ಉದ್ಯಾನ ಸ್ಮಶಾನ ತೆರೆಯಿತು. ಆದರೆ ಇದಕ್ಕೂ ಒಂದು ಶತಮಾನ ಹಿಂದೆಯೇ ಭಾರತದಲ್ಲಿ ಇಂಗ್ಲಿಷರು ಈ ಕ್ರಮವನ್ನು ಅನುಸರಿಸುತ್ತಿದ್ದರೆಂಬುದು ಇಂಗ್ಲೆಂಡಿನ ಇತಿಹಾಸಕಾರರೇ ತಡವಾಗಿ ಗಮನಿಸಿದ ಸಂಗತಿ. ಸೂರತ್ತಿನ ಈಸ್ಟ್ ಇಂಡಿಯಾ ಕಂಪನಿಯ ವರ್ತಕರು, ಸುತ್ತಲಿನ ಮುಸ್ಲಿಂ ಗೋರಿಗಳ ಗುಮ್ಮಟಗಳನ್ನು ನೋಡಿ, ತಮ್ಮವರಿಗೂ ಊರ ಹೊರಗಿನ ಬಯಲಿನಲ್ಲಿ ಅಂಥವೇ ಗುಮ್ಮಟಗಳನ್ನು ಎತ್ತಿದ್ದರು. 1669ರಲ್ಲಿ ತೀರಿಕೊಂಡ ಜಾರ್ಜ್ ಆಕ್ಸೆಂಡನ್ ಮತ್ತು ಅವನ ಸಹೋದರನ ಜೋಡಿ ಗುಮ್ಮಟದ ಸ್ಮಾರಕ ಇಂದಿಗೂ ಅಲ್ಲಿದೆ. ಯೌವನದಲ್ಲಿ ಕಂಪನಿಯ ನೌಕರನಾಗಿ ಸೂರತ್ತಿನಲ್ಲಿದ್ದು, ಮುಂದೆ ಇಂಗ್ಲೆಂಡಿನ ದೊಡ್ಡ ವಾಸ್ತುಶಿಲ್ಪಿಯೆನಿಸಿದ ಜಾನ್ ವಾನ್‌ಬ್ರೂ 1711ರಲ್ಲಿ ಲಂಡನ್ನಿನ ಹೊಸ ಚರ್ಚುಗಳ ಯೋಜನೆಯ ಬಗ್ಗೆ ಸಲಹೆ ಬರೆದಾಗ, ಚರ್ಚಿನೊಳಗೆ ಹೂಳುವುದನ್ನು ಬಿಟ್ಟು ಸೂರತ್ತಿನ ಮಾದರಿಯಲ್ಲಿ ಊರ ಹೊರಗೆ ಸ್ಮಶಾನ ಮಾಡಬೇಕೆಂದು ಚಿತ್ರ ಬರೆದು ತೋರಿಸಿದ. ಅವನ ಸಲಹೆಯನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕಲ್ಕತ್ತೆಯಲ್ಲಿ 1767ರಲ್ಲೇ ತೆರೆದ ಪಾರ್ಕ್ ಸ್ಟ್ರೀಟ್ ಸ್ಮಶಾನದಲ್ಲಿ ಗೋಪುರ, ಗುಮ್ಮಟ, ಪಿರಮಿಡ್ಡುಗಳ ನಡುವೆ ಬೀದಿಗಳು ಹಾದುಹೋಗುತ್ತಿದ್ದ ಕಾಲದಲ್ಲಿ ಲಂಡನ್ನಿನವರು ಇನ್ನೂ ಚರ್ಚಿನ ನೆಲಗಟ್ಟನ್ನು ಅಗೆಯುತ್ತಿದ್ದರು.

ಪೇರ್ ಲಾಶೇಸ್ ನೋಡಿ ಬಂದ ಜಾರ್ಜ್ ಫ್ರೆಡರಿಕ್ ಕಾರ್ಡನ್ ಎಂಬ ವಕೀಲ 1820ರ ದಶಕದುದ್ದಕ್ಕೂ ಅಂಥದೊಂದು ಸ್ಮಶಾನಕ್ಕಾಗಿ ಪ್ರಚಾರ ಮಾಡಿದ. 1830ರಲ್ಲಿ ಜನರಲ್ ಸೆಮೆಟರಿ ಕಂಪನಿ ರೂಪುಗೊಂಡಿತು, ಬ್ಯಾಂಕರ್ ಜಾನ್ ಡೀನ್ ಪಾಲ್ ಅದರ ಚುಕ್ಕಾಣಿ ಹಿಡಿದ, ಹ್ಯಾರೋ ರಸ್ತೆಯ ಪಕ್ಕದಲ್ಲಿ ಕಾಲುವೆಗೆ ತಾಗಿದಂತೆ 54 ಎಕರೆ ಭೂಮಿಯ ಖರೀದಿಯಾಯಿತು. ವರ್ಷಗಟ್ಟಲೆ ತೂಗಾಡುತ್ತಿದ್ದ ಈ ಯೋಜನೆಗೆ 1831–32ರ ಕಾಲರಾ ವೇಗ ಕೊಟ್ಟಿತು: 1832ರ ಬೇಸಿಗೆಯಲ್ಲಿ ಕಾಯಿದೆಯಾಯಿತು, 1833ರ ಜನವರಿಯಲ್ಲಿ ಲಂಡನ್ನಿನ ಬಿಷಪ್ ಬಂದು ನೆಲವನ್ನು ಪವಿತ್ರೀಕರಿಸಿದ. ಪವಿತ್ರೀಕರಣವೆಂದರೆ ಆಂಗ್ಲಿಕನ್ ಚರ್ಚಿನ ವಿಧಿಯಂತೆ ಆ ಭೂಮಿಯನ್ನು ಧಾರ್ಮಿಕ ಬಳಕೆಗೆ ಮೀಸಲಿಡುವ ಕ್ರಿಯೆ. ಆ ಚರ್ಚಿಗೆ ಸೇರದ ಪ್ರಾಟೆಸ್ಟೆಂಟರು, ಯಾವ ಚರ್ಚಿಗೂ ಸೇರದವರು ಮತ್ತು ಪರದೇಶದ ಪರಧರ್ಮೀಯರಿಗಾಗಿ ಪೂರ್ವ ತುದಿಯಲ್ಲಿ ಒಂದು ಭಾಗವನ್ನು ಹಾಗೆಯೇ ಬಿಟ್ಟು, ಅಲ್ಲಿ ಬೇರೆಯದೇ ಚಾಪೆಲ್ ಕಟ್ಟಲಾಯಿತು. ಹೂಳುವ ಶುಲ್ಕ ಕೈತಪ್ಪುವುದೆಂದು ತಕರಾರೆತ್ತಿದ ನಗರದ ಪಾದ್ರಿಗಳ ಬಾಯಿ ಮುಚ್ಚಿಸಲು, ಪ್ರತಿ ಶವಕ್ಕೂ ಅದರ ಪ್ಯಾರಿಷ್‌ನ ಪಾದ್ರಿಗೆ ಇಷ್ಟು ಹಣ ಸಲ್ಲಬೇಕೆಂಬ ಅಂಶ ಕಾಯಿದೆಯೊಳಗೇ ಸೇರಿಕೊಂಡಿತು. ಪರಲೋಕದ ವ್ಯವಹಾರದಲ್ಲೂ ದಲ್ಲಾಳಿ ಪಾಲು ಬಿಡದ ಏರ್ಪಾಟು ಇದು.

ಕೆನ್ಸಲ್ ಗ್ರೀನ್‌ನ ನೆಲದ ಮೇಲಿನ ಸ್ಮಾರಕಗಳಷ್ಟೇ ಗಮನಾರ್ಹವಾದವು ಅದರ ನೆಲಮಾಳಿಗೆಗಳು. ಕ್ಯಾಟಕೂಮ್ ಎಂದು ಕರೆಯಲಾಗುವ ಇವು ರೋಮ್ ನಗರದ ಪ್ರಾಚೀನ ಸುರಂಗ ಸಮಾಧಿಗಳಿಂದ ಹೆಸರನ್ನು ಮಾತ್ರ ಪಡೆದಿದ್ದವು. ರಚನೆಯಲ್ಲಿ ಅವು ಇಟ್ಟಿಗೆ ಕಮಾನುಗಳ ಉದ್ದನೆಯ ಓಣಿಗಳಾಗಿದ್ದು, ಓಣಿಯ ಎರಡೂ ಬದಿಗೆ ಕೋಣೆಗಳು, ಪ್ರತಿ ಕೋಣೆಯಲ್ಲಿ ಒಂದರ ಮೇಲೊಂದರಂತೆ ಕಲ್ಲುಹಲಗೆಯ ಗೂಡುಗಳಿರುತ್ತಿದ್ದವು. ಒಂದು ಶವಪೆಟ್ಟಿಗೆ ಹಿಡಿಸುವ ಇಂಥ ಗೂಡಿಗೆ ಲೊಕ್ಯುಲಸ್ ಎಂಬ ಹೆಸರು. ಕೊಳ್ಳುವವರು ಒಂದು ಗೂಡನ್ನಾದರೂ ಕೊಳ್ಳಬಹುದಿತ್ತು, ಇಡೀ ಕೋಣೆಯನ್ನಾದರೂ ಕುಟುಂಬಕ್ಕೆಂದು ಕಾದಿರಿಸಬಹುದಿತ್ತು; ಪೆಟ್ಟಿಗೆಯನ್ನಿಟ್ಟ ಮೇಲೆ ಗೂಡಿನ ಬಾಯಿಯನ್ನು ಹೆಸರು ಕೆತ್ತಿದ ಕಲ್ಲಿನಿಂದ ಮುಚ್ಚುವುದೋ, ಬಂಧುಗಳು ಬಂದು ನೋಡುವಂತೆ ಕಬ್ಬಿಣದ ಜಾಲರಿ ಅಥವಾ ಗಾಜು ಹಾಕಿಸುವುದೋ ಅವರವರ ಇಷ್ಟ. ಆಂಗ್ಲಿಕನ್ ಚಾಪೆಲ್‌ನ ಕೆಳಗಿನ ಮಾಳಿಗೆಯೊಂದರಲ್ಲೇ ಸುಮಾರು 4,000 ಪೆಟ್ಟಿಗೆಗಳಿಗೆ ಸ್ಥಳವಿತ್ತು. ವಿಜಯಪುರದ ಗೋಲಗುಮ್ಮಟದಲ್ಲಿ ಕಣ್ಣಿಗೆ ಕಾಣುವ ಗೋರಿ ಮೇಲೆ, ನಿಜವಾದ ಸಮಾಧಿ ಅದರ ನೇರ ಕೆಳಗಿನ ನೆಲಮಾಳಿಗೆಯಲ್ಲಿರುವುದನ್ನು ಬಲ್ಲ ಕನ್ನಡ ಓದುಗರಿಗೆ ಈ ವ್ಯತ್ಯಾಸ ಬೇಗ ಹೊಳೆಯುತ್ತದೆ: ಅಲ್ಲಿ ಮಾಳಿಗೆ ಒಂದು ರಾಜಮನೆತನಕ್ಕೆ ಮೀಸಲು, ಇಲ್ಲಿ ಹಣ ತೆತ್ತ ಯಾರಿಗಾದರೂ, ಅಕ್ಕಪಕ್ಕದವರು ಯಾರೆಂದು ಕೇಳದೆ.

ನೆಲಮಾಳಿಗೆಯಲ್ಲಿಡುವ ಶವಪೆಟ್ಟಿಗೆಗೆ ಕಟ್ಟುನಿಟ್ಟಾದ ನಿಯಮವಿತ್ತು. ಮಣ್ಣಿನೊಳಗೆ ಇಳಿಯದ ದೇಹ ಗಾಳಿಯಾಡುವ ಜಾಗದಲ್ಲೇ ಕೊಳೆಯುವುದರಿಂದ, ಪೆಟ್ಟಿಗೆ ಮೂರು ಪದರದ್ದಾಗಿರಬೇಕಿತ್ತು. ಎಲ್ಮ್ ಮರದ ಒಳಪೆಟ್ಟಿಗೆಯಲ್ಲಿ ದೇಹವನ್ನಿಟ್ಟು, ಕೊಳಾಯಿ ಕೆಲಸದವನನ್ನು ಕರೆಸಿ ಅದರ ಸುತ್ತ ಸೀಸದ ತಗಡು ಹೊದಿಸಿ, ಅಂಚುಗಳನ್ನು ಬೆಸುಗೆ ಹಾಕಿಸಿ, ಅದನ್ನು ಇನ್ನೊಂದು ಮರದ ಹೊರಪೆಟ್ಟಿಗೆಯಲ್ಲಿ ಕೂರಿಸಲಾಗುತ್ತಿತ್ತು. ಹೊರಪೆಟ್ಟಿಗೆಗೆ ಕಡುಗೆಂಪು ಅಥವಾ ಕಪ್ಪು ಮಖಮಲ್ಲು, ಅಂಚಿಗೆ ಸಾಲುಸಾಲು ಹಿತ್ತಾಳೆ ಮೊಳೆ, ಮುಚ್ಚಳದ ಮೇಲೆ ಹೆಸರು ಮತ್ತು ವಯಸ್ಸು ಕೊರೆದ ಲೋಹಫಲಕ. ಬೆಸುಗೆ ಎಷ್ಟು ಬಿಗಿಯೋ ಅಪಾಯವೂ ಅಷ್ಟೇ: ಒಳಗೆ ಸೇರಿದ ಅನಿಲದಿಂದ ಸೀಸದ ಪೆಟ್ಟಿಗೆ ಉಬ್ಬಿ ಬಿರಿಯುವುದಿತ್ತು. ಚರ್ಚುಗಳ ನೆಲಮಾಳಿಗೆಗಳಲ್ಲಿ ಇಂಥ ಪೆಟ್ಟಿಗೆಗೆ ಸಣ್ಣ ರಂಧ್ರ ಕೊರೆದು, ಹೊರಬಂದ ಅನಿಲಕ್ಕೆ ದೀಪ ಹಿಡಿದು ಉರಿಸಿ, ರಂಧ್ರವನ್ನು ಮತ್ತೆ ಮುಚ್ಚುವ ಕೆಲಸಗಾರರಿದ್ದರು. ಸಂಪೂರ್ಣ ಸಿದ್ಧವಾದ ಪೆಟ್ಟಿಗೆಯ ತೂಕ ಎಂಟು ಜನರ ಹೆಗಲಿಗೂ ಭಾರವಾಗುವಷ್ಟು ಇದ್ದುದರಿಂದ, ಕೆನ್ಸಲ್ ಗ್ರೀನ್ ಚಾಪೆಲ್‌ನ ನಡುವೆ ಪೆಟ್ಟಿಗೆಯನ್ನಿಡುವ ವೇದಿಕೆಯನ್ನೇ ಯಂತ್ರವಾಗಿ ರೂಪಿಸಲಾಯಿತು. ಪ್ರಾರ್ಥನೆ ಮುಗಿಯುವ ಹೊತ್ತಿಗೆ ಜಲಒತ್ತಡದಿಂದ ನಡೆಯುವ ಆ ವೇದಿಕೆ ಪೆಟ್ಟಿಗೆಯ ಸಮೇತ ಸದ್ದಿಲ್ಲದೆ ನೆಲದೊಳಕ್ಕೆ ಇಳಿಯುತ್ತಿತ್ತು. ಕೆಳಗೆ ಕಾದಿದ್ದ ಸಿಬ್ಬಂದಿ ಪೆಟ್ಟಿಗೆಯನ್ನು ಓಣಿಯಲ್ಲಿ ಸಾಗಿಸಿ ಗೂಡಿಗೆ ಸೇರಿಸುತ್ತಿದ್ದರು. ಈ ಯಂತ್ರ 1990ರ ದಶಕದಲ್ಲಿ ದುರಸ್ತಿಯಾಗಿ ಮತ್ತೆ ಚಾಲನೆಗೆ ಬಂದಿದೆ.

ಇಂಥ ಪೆಟ್ಟಿಗೆಗಳಿಂದ ಉದ್ದೇಶಿಸದ ಒಂದು ಲಾಭವೂ ಆಯಿತು. ಸ್ಪಿಟಲ್‌ಫೀಲ್ಡ್ಸ್ ಬಡಾವಣೆಯ ಕ್ರೈಸ್ಟ್ ಚರ್ಚಿನ ನೆಲಮಾಳಿಗೆಯನ್ನು 1984–86ರಲ್ಲಿ ಪುರಾತತ್ವಜ್ಞರು ತೆರವುಗೊಳಿಸಿದಾಗ ಸುಮಾರು ಸಾವಿರ ಶವಗಳು ದೊರೆತವು. ಅವುಗಳಲ್ಲಿ ಮುನ್ನೂರಕ್ಕೂ ಹೆಚ್ಚು ಪೆಟ್ಟಿಗೆಗಳ ಮೇಲೆ ಹೆಸರು ಮತ್ತು ವಯಸ್ಸಿನ ಫಲಕ ಉಳಿದಿದ್ದರಿಂದ, ಮೂಳೆ ನೋಡಿ ವಯಸ್ಸು ಹೇಳುವ ಪ್ರಚಲಿತ ವಿಧಾನಗಳನ್ನು ನಿಜವಾದ ವಯಸ್ಸಿನೊಡನೆ ಹೋಲಿಸಿ ನೋಡಲು ಸಾಧ್ಯವಾಯಿತು. ಆ ವಿಧಾನಗಳು ವಯಸ್ಸಾದವರನ್ನು ಸಾಕಷ್ಟು ಚಿಕ್ಕವರೆಂದೂ, ಚಿಕ್ಕವರನ್ನು ದೊಡ್ಡವರೆಂದೂ ತೋರಿಸುತ್ತಿದ್ದವು. ಪ್ರಾಚೀನ ಕಾಲದವರೆಲ್ಲ ನಲವತ್ತಕ್ಕೇ ಸಾಯುತ್ತಿದ್ದರೆಂದು ಅಸ್ಥಿಗಳ ಆಧಾರದ ಮೇಲೆ ಬರೆದ ಎಷ್ಟೋ ಪುಟಗಳ ಮೇಲೆ ಇದರಿಂದ ಪ್ರಶ್ನೆ ಎದ್ದಿತು.

ಕಂಪನಿಯ ವ್ಯಾಪಾರಕ್ಕೆ ದೊಡ್ಡ ಬಲ ಬಂದದ್ದು 1843ರಲ್ಲಿ, ಮೂರನೆಯ ಜಾರ್ಜ್ ದೊರೆಯ ಮಗ ಸಸೆಕ್ಸ್ ಡ್ಯೂಕ್ ಕೆನ್ಸಲ್ ಗ್ರೀನ್‌ನಲ್ಲಿ ಮಣ್ಣಾದಾಗ. ರಾಜಮನೆತನದ ಒಪ್ಪಿಗೆಯಿಲ್ಲದೆ ನಡೆದ ಅವನ ಮದುವೆಯಿಂದಾಗಿ ಅವನ ಹೆಂಡತಿಗೆ ವಿಂಡ್ಸರ್ ಅರಮನೆಯ ರಾಜಸಮಾಧಿಯಲ್ಲಿ ಸ್ಥಳ ಸಿಗುವಂತಿರಲಿಲ್ಲ. ಜೊತೆಗೇ ಮಲಗಬೇಕೆಂಬ ಇಚ್ಛೆಯಿಂದ ಅವನು ಕಂಪನಿಯ ನೆಲವನ್ನು ಆರಿಸಿಕೊಂಡ. 1848ರಲ್ಲಿ ಅವನ ಸಹೋದರಿ ರಾಜಕುಮಾರಿ ಸೋಫಿಯಾಳನ್ನೂ ಅಲ್ಲೇ ಹೂಳಲಾಯಿತು. ರಾಜರಕ್ತದವರು ಮಲಗಿದ ಓಣಿಯ ಅಕ್ಕಪಕ್ಕದ ನಿವೇಶನಗಳಿಗೆ ಬೇಡಿಕೆ ಏರಿದ್ದು ಸಹಜ.

ಹೈಗೇಟ್ ಸ್ಮಶಾನ ಈ ಬೇಡಿಕೆಯನ್ನು ಇನ್ನಷ್ಟು ನಾಟಕೀಯವಾಗಿ ಬಳಸಿಕೊಂಡಿತು. ಸ್ಟೀಫನ್ ಗಿಯರಿ ಎಂಬ ವಾಸ್ತುಶಿಲ್ಪಿ ಸ್ಥಾಪಿಸಿದ ಲಂಡನ್ ಸೆಮೆಟರಿ ಕಂಪನಿ ಹಳೆಯ ಬಂಗಲೆಯೊಂದರ 17 ಎಕರೆ ತೋಟವನ್ನು ಕೊಂಡು 1839ರ ಮೇ ತಿಂಗಳಲ್ಲಿ ತೆರೆದ ಈ ಜಾಗ ಕಡಿದಾದ ಇಳಿಜಾರು. ಅದರ ನಡುವೆ ಈಜಿಪ್ಟಿನ ದೇಗುಲದ ಹೆಬ್ಬಾಗಿಲಿನಂತೆ ತಾವರೆ ಮೊಗ್ಗಿನ ಕಂಬಗಳೂ ಶಿಲಾಸ್ತಂಭಗಳೂ ಇರುವ ಪ್ರವೇಶದ್ವಾರ, ಅದರ ಹಿಂದೆ ಗುಡ್ಡವನ್ನು ಸೀಳಿ ಏರುವ ಓಣಿ, ಓಣಿಯ ಒಂದೊಂದು ಬದಿಗೆ ಎಂಟೆಂಟರಂತೆ ಹದಿನಾರು ಸಮಾಧಿಕೋಣೆಗಳು, ಪ್ರತಿ ಕೋಣೆಯಲ್ಲೂ ಹನ್ನೆರಡು ಪೆಟ್ಟಿಗೆಗಳ ಗೂಡು. ನೆಪೋಲಿಯನ್ನನ ಈಜಿಪ್ಟ್ ದಂಡಯಾತ್ರೆಯ ನಂತರ ಯೂರೋಪಿನಲ್ಲಿ ಹಬ್ಬಿದ್ದ ಈಜಿಪ್ಟಿನ ಹುಚ್ಚು ಇಲ್ಲಿ ಕಲ್ಲಿನ ರೂಪ ಪಡೆಯಿತು. ಓಣಿ ಮುಗಿಯುವಲ್ಲಿ ಬಂಗಲೆಯ ಕಾಲದಿಂದಲೂ ಬೆಳೆದು ನಿಂತಿದ್ದ ಒಂದು ದೇವದಾರು ಮರ ಇತ್ತು. ಅದನ್ನು ಕಡಿಯದೆ ಸುತ್ತಲಿನ ಮಣ್ಣನ್ನು ಅಗೆದು, ಬೇರಿನ ಗಡ್ಡೆಯ ಸುತ್ತ ವೃತ್ತಾಕಾರವಾಗಿ ಇಪ್ಪತ್ತು ಕೋಣೆಗಳನ್ನು ಕಟ್ಟಲಾಯಿತು, ಹಾಗಾಗಿ ಮರ ಆ ಸಮಾಧಿಗಳ ತಲೆಯ ಮೇಲೆ ಒಂದು ಮಹಾ ಹೂಕುಂಡದಲ್ಲಿ ನಿಂತಂತೆ ಕಾಣುತ್ತಿತ್ತು. 1870ರ ದಶಕದಲ್ಲಿ ಎದುರಿನ ಹೊರವೃತ್ತದಲ್ಲೂ ಕೋಣೆಗಳು ಎದ್ದವು. ರೋಗ ತಗುಲಿದ ಆ ಮರವನ್ನು 2019ರಲ್ಲಿ ಕಡಿದು ಅದೇ ಜಾತಿಯ ಸಸಿ ನೆಡಬೇಕಾಯಿತು. ಇವೆಲ್ಲಕ್ಕೂ ಮೇಲೆ, ಚರ್ಚೊಂದರ ಬುಡದ ಜಗಲಿಯ ಅಡಿಯಲ್ಲಿ 825 ಪೆಟ್ಟಿಗೆಗಳ ನೆಲಮಾಳಿಗೆ ಇದೆ. ಆ ಜಗಲಿಯಿಂದ ಲಂಡನ್ ನಗರವನ್ನು ನೋಡುವುದು ವಿಕ್ಟೋರಿಯಾ ಕಾಲದ ಭಾನುವಾರದ ವಿಹಾರಗಳಲ್ಲೊಂದಾಗಿತ್ತು. ಷೇರು ವ್ಯವಹಾರದಲ್ಲಿ ಹಣ ಮಾಡಿ ಪತ್ರಿಕೆಯ ಒಡೆಯನೂ ಆದ ಜೂಲಿಯಸ್ ಬೀರ್ 1870ರ ದಶಕದಲ್ಲಿ ತನ್ನ ಪುಟ್ಟ ಮಗಳಿಗಾಗಿ ಆ ನೋಟಕ್ಕೆ ಅಡ್ಡವಾಗಿ ಬೃಹತ್ ಸಮಾಧಿಮಂದಿರ ಎಬ್ಬಿಸಿದ್ದು, ತನ್ನನ್ನು ಹೊರಗಿಟ್ಟ ಗಣ್ಯ ಸಮಾಜಕ್ಕೆ ಕೊಟ್ಟ ಉತ್ತರವೆಂದು ಹಲವರು ಓದಿದ್ದಾರೆ.

ಬೀಗ ಹಾಕಿದ ಕೋಣೆ ಎಂದೊಡನೆ ಜನರ ಕಲ್ಪನೆಗೆ ರೆಕ್ಕೆ ಬರುತ್ತದೆ. ಬೇಕರ್ ಸ್ಟ್ರೀಟಿನ ವ್ಯಾಪಾರಿ ಥಾಮಸ್ ಚಾರ್ಲ್ಸ್ ಡ್ರೂಸ್ 1864ರಲ್ಲಿ ಸತ್ತು ಹೈಗೇಟ್‌ನ ಕುಟುಂಬ ಸಮಾಧಿಯಲ್ಲಿ ಸೇರಿದ್ದ. ಅವನು ಸತ್ತೇ ಇರಲಿಲ್ಲ, ಪೋರ್ಟ್‌ಲೆಂಡಿನ ಐದನೆಯ ಡ್ಯೂಕನೇ ಡ್ರೂಸ್‌ನ ವೇಷದಲ್ಲಿ ಬದುಕಿ ಬೇಸತ್ತು ಸುಳ್ಳು ಸಾವು ಹೂಡಿದ, ಪೆಟ್ಟಿಗೆಯಲ್ಲಿರುವುದು ಸೀಸದ ಗಟ್ಟಿಗಳು ಮಾತ್ರ ಎಂದು ಅವನ ಸೊಸೆ 1890ರ ದಶಕದಲ್ಲಿ ವಾದ ಹೂಡಿದಳು. ಗೆದ್ದರೆ ಡ್ಯೂಕನ ಅಪಾರ ಆಸ್ತಿ ಸಿಗುವುದಿತ್ತು. ಆಮೇಲೆ ಆಸ್ಟ್ರೇಲಿಯಾದಿಂದ ಬಂದ ಇನ್ನೊಬ್ಬ ವಾರಸುದಾರ ದಾವೆಯ ಖರ್ಚಿಗಾಗಿ ಕಂಪನಿ ತೆರೆದು ಷೇರು ಮಾರಿದ. ಷೇರಿನ ಹಣದಿಂದ ಕಟ್ಟಿದ ಸ್ಮಶಾನದಲ್ಲಿ, ಮುಚ್ಚಿದ ಪೆಟ್ಟಿಗೆಯೊಳಗೆ ಏನಿದೆ ಎಂಬುದರ ಮೇಲೆ ಮತ್ತೊಂದು ಷೇರು ವ್ಯಾಪಾರ ನಡೆದದ್ದು ಆ ಯುಗಕ್ಕೆ ಒಪ್ಪುವ ಮಾತೇ. 1907ರ ಡಿಸೆಂಬರ್ 30ರಂದು ಗೋರಿಯ ಮೇಲೆ ತಡಿಕೆ ಕಟ್ಟಿ, ಕಾವಲಿಟ್ಟು ಪೆಟ್ಟಿಗೆ ತೆರೆಯಲಾಯಿತು. ಒಳಗೆ ಗಡ್ಡದ ಮುದುಕನೊಬ್ಬನ ದೇಹವಿತ್ತು.

ಕಂಪನಿಗಳು ತಲೆಯೆತ್ತಿದ ಆ ಮೊದಲ ವರ್ಷಗಳಲ್ಲಿ ಸರ್ಕಾರವೂ ಸುಮ್ಮನೆ ಕುಳಿತಿರಲಿಲ್ಲ. ಶವದಿಂದೇಳುವ ದುರ್ವಾಯುವೇ ಕಾಯಿಲೆಯ ಮೂಲವೆಂದು ನಂಬಿದ್ದ ಚಾಡ್ವಿಕ್, ಹೂಳುವ ವ್ಯವಹಾರ ಕಂಪನಿಗಳ ಕೈಯಲ್ಲಿರಬಾರದೆಂದು ವಾದಿಸಿದ. 1848–49ರ ಕಾಲರಾದಲ್ಲಿ ಲಂಡನ್ನಿನ ಸುಮಾರು 14 ಸಾವಿರ ಜನ ಸತ್ತ ಮೇಲೆ, 1850ರ ಕಾಯಿದೆ ಸ್ಮಶಾನಗಳನ್ನು ಕೊಂಡುಕೊಳ್ಳುವ ಅಧಿಕಾರವನ್ನು ಸಾರ್ವಜನಿಕ ಆರೋಗ್ಯ ಮಂಡಳಿಗೆ ಕೊಟ್ಟಿತು. ದುಡ್ಡಿಲ್ಲದ ಮಂಡಳಿ ಏಳರಲ್ಲಿ ಒಂದನ್ನು, ಬ್ರಾಂಪ್ಟನ್ನನ್ನು ಮಾತ್ರ, 1852ರಲ್ಲಿ ಕೊಳ್ಳುವ ಹೊತ್ತಿಗೆ ಹೊಸ ಕಾಯಿದೆ ಬಂದು ಆ ಅಧಿಕಾರವೇ ರದ್ದಾಯಿತು; ಹಾಗಾಗಿ ಬ್ರಾಂಪ್ಟನ್ ಇಂದಿಗೂ ಬ್ರಿಟನ್ನಿನ ರಾಜಪ್ರಭುತ್ವದ ಸ್ವತ್ತಾಗಿ ಉಳಿದಿದೆ. ನೆಲಮಾಳಿಗೆಗಳ ವ್ಯಾಪಾರ ಎಷ್ಟು ಹುಸಿ ಲೆಕ್ಕಾಚಾರವಾಗಿತ್ತೆಂಬುದನ್ನು ಅರಿಯಲು ಈ ಸ್ಮಶಾನಕ್ಕಿಂತ ಒಳ್ಳೆಯ ಸ್ಥಳವಿಲ್ಲ. ವಾಸ್ತುಶಿಲ್ಪಿ ಬೆಂಜಮಿನ್ ಬಾಡ್ ನಡುವೆ ಮಹಾವೃತ್ತಾಕಾರದ ಕಂಬಸಾಲು ಕಟ್ಟಿ, ಅದರ ಕೆಳಗೆ ಸಾವಿರಾರು ಪೆಟ್ಟಿಗೆಗಳ ಮಾಳಿಗೆ ಮಾಡಿದ. ಇಳಿಯುವ ಮೆಟ್ಟಿಲುಗಳ ಕೊನೆಯಲ್ಲಿ ಎರಕದ ಕಬ್ಬಿಣದ ಬಾಗಿಲು, ಅದರ ಮೇಲೆ ಅನಂತತೆಯ ಸಂಕೇತವಾಗಿ ಹಾವುಗಳು, ಆರಿದ ಜೀವದ ಸಂಕೇತವಾಗಿ ತಲೆಕೆಳಗಾದ ಪಂಜುಗಳು. ಬಂದದ್ದು ಕೆಲವು ನೂರು ಪೆಟ್ಟಿಗೆಗಳಷ್ಟೇ. ಇಂಗ್ಲಿಷರಿಗೆ ಮಣ್ಣೇ ಬೇಕಿತ್ತು. ಕಲ್ಲಿನ ಗೂಡಿನ ಮೋಹ ಒಂದೇ ತಲೆಮಾರಿನಲ್ಲಿ ಇಳಿದುಹೋಯಿತು.

ಈ ಸ್ಮಶಾನಗಳ ದಾಖಲೆಗಳಲ್ಲಿ ಭಾರತದ ಹೆಸರುಗಳೂ ಸಿಗುತ್ತವೆ. ಬ್ರಿಟನ್ನಿನಲ್ಲಿ ಆಧುನಿಕ ಚಿತಾಗಾರ ಬಳಕೆಗೆ ಬಂದದ್ದು 1885ರಲ್ಲಿ, ಅದಕ್ಕೆ ಮೊದಲು ಅಲ್ಲಿ ತೀರಿಕೊಂಡ ಹಿಂದೂಗಳಿಗೆ ದಹನದ ದಾರಿ ಇರಲಿಲ್ಲ. 1833ರಲ್ಲಿ ಬ್ರಿಸ್ಟಲ್‌ನಲ್ಲಿ ನಿಧನರಾದ ರಾಜಾ ರಾಮಮೋಹನ ರಾಯರನ್ನು ಮೊದಲು ಒಂದು ತೋಟದಲ್ಲಿ ಹೂಳಿ, 1843ರಲ್ಲಿ ಅದೇ ಊರಿನ ಆರ್ನೋಸ್ ವೇಲ್ ಎಂಬ ಕಂಪನಿ ಸ್ಮಶಾನಕ್ಕೆ ಒಯ್ದು, ಮೇಲೆ ಬಂಗಾಳಿ ಶೈಲಿಯ ಛತ್ರಿ ಕಟ್ಟಿಸಿದವರು ದ್ವಾರಕಾನಾಥ ಠಾಕೂರರು. ಮೂರೇ ವರ್ಷದಲ್ಲಿ, 1846ರ ಆಗಸ್ಟ್‌ನಲ್ಲಿ, ಅವರೂ ಲಂಡನ್ನಿನಲ್ಲಿ ತೀರಿಕೊಂಡು ಕೆನ್ಸಲ್ ಗ್ರೀನ್‌ನಲ್ಲಿ ಯಾವ ಧಾರ್ಮಿಕ ವಿಧಿಯೂ ಇಲ್ಲದೆ ಮಣ್ಣಾದರು.

ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನದು ಬೇರೆಯೇ ಕಥೆ. ಮಾಸ್ತಿಯವರ ಕಾದಂಬರಿಯಿಂದ ಕನ್ನಡಿಗರಿಗೆ ಚಿರಪರಿಚಿತನಾದ ಈ ಅರಸ ವೀರಶೈವ ಮನೆತನದವನಾದ್ದರಿಂದ ಹೂಳುವುದು ಅವನ ಕುಲಾಚಾರವೇ ಆಗಿತ್ತು. ಅವನ ತಂದೆ ಲಿಂಗರಾಜೇಂದ್ರನ ಗದ್ದುಗೆ ಮಡಿಕೇರಿಯಲ್ಲಿದೆ. ಗುಮ್ಮಟ, ಮೂಲೆಗಳಲ್ಲಿ ಮಿನಾರು, ಅವುಗಳೊಡನೆ ನಂದಿಯ ವಿಗ್ರಹಗಳು, ಒಳಗೆ ಶಿವಲಿಂಗ ಇರುವ ಆ ಕಟ್ಟಡವನ್ನು 1820ರಲ್ಲಿ ಕಟ್ಟಿಸಿದವನು ಚಿಕ್ಕವೀರರಾಜೇಂದ್ರನೇ. 1834ರಲ್ಲಿ ಕಂಪನಿ ಸರ್ಕಾರ ಕೊಡಗನ್ನು ವಶಪಡಿಸಿಕೊಂಡು ಅವನನ್ನು ಕಾಶಿಗೆ ಕಳಿಸಿತು. ತನ್ನ ಮನೆತನ ಕಂಪನಿಯಲ್ಲಿ ಹೂಡಿದ್ದ ಹಣವನ್ನು ಮರಳಿ ಪಡೆಯಲು 1852ರಲ್ಲಿ ಅವನು ಹದಿಹರೆಯಕ್ಕೆ ಕಾಲಿಡುತ್ತಿದ್ದ ಮಗಳು ಗೌರಮ್ಮನೊಡನೆ ಲಂಡನ್ನಿಗೆ ಬಂದು, ಈಸ್ಟ್ ಇಂಡಿಯಾ ಕಂಪನಿಯ ಮೇಲೆ ಅದರದೇ ನೆಲದಲ್ಲಿ ದಾವೆ ಹೂಡಿದ. ತೀರ್ಪು ಬರುವ ಮೊದಲೇ, 1859ರ ಸೆಪ್ಟೆಂಬರ್‌ನಲ್ಲಿ, ಅವನು ತೀರಿಕೊಂಡ. ಅವನ ದೇಹವನ್ನು ಕೆನ್ಸಲ್ ಗ್ರೀನ್‌ಗೆ ಒಯ್ಯಲಾಯಿತು. ಒಂದು ಕಂಪನಿಯಿಂದ ರಾಜ್ಯ ಕಳೆದುಕೊಂಡವನಿಗೆ ಕೊನೆಯ ನೆಲ ಒದಗಿಸಿದ್ದೂ ಒಂದು ಕಂಪನಿಯೇ.

ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು 1852ರಲ್ಲಿ ಕ್ರೈಸ್ತ ದೀಕ್ಷೆ ಕೊಡಿಸಿದ ಗೌರಮ್ಮ 1860ರಲ್ಲಿ ಜಾನ್ ಕ್ಯಾಂಪ್‌ಬೆಲ್ ಎಂಬ ಸೇನಾಧಿಕಾರಿಯನ್ನು ಮದುವೆಯಾಗಿ, ಒಂದು ಹೆಣ್ಣುಮಗುವಿನ ತಾಯಿಯಾಗಿ, 1864ರಲ್ಲಿ ತನ್ನ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಸತ್ತಳು. ಅವಳ ಗೋರಿ ಬ್ರಾಂಪ್ಟನ್‌ನಲ್ಲಿದೆ. ಕೊಡಗಿನ ಮಾಜಿ ಅರಸನ ಮಗಳೆಂದೂ, ಚಿಕ್ಕಂದಿನಲ್ಲೇ ಇಂಗ್ಲೆಂಡಿಗೆ ಬಂದವಳೆಂದೂ, ರಾಣಿಯ ಆಶ್ರಯದಲ್ಲಿ ದೀಕ್ಷೆ ಪಡೆದವಳೆಂದೂ ಕಲ್ಲು ಹೇಳುತ್ತದೆ. ಆಕೆ ಅಪ್ಪನನ್ನು ನೋಡುವುದಕ್ಕೂ ಅನುಮತಿ ಕೇಳಬೇಕಾಗಿದ್ದ ವರ್ಷಗಳ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಕಂಪನಿಗಳ ಕುಸಿತಕ್ಕೆ ಹೊರಗಿನ ಕಾರಣ ಹುಡುಕಬೇಕಾಗಿಲ್ಲ, ಅವುಗಳ ಲೆಕ್ಕದಲ್ಲೇ ಅದು ಅಡಗಿತ್ತು. ಗೋರಿಯನ್ನು ಒಮ್ಮೆ ಮಾರಿದರೆ ಹಣ ಬರುವುದು ಒಂದೇ ಸಲ, ಕಾಪಾಡುವ ಹೊಣೆ ಮಾತ್ರ ಕೊನೆಯಿಲ್ಲದ್ದು. ಹಳೆಯ ಗೋರಿಗಳ ಆರೈಕೆಯ ಖರ್ಚು ಹೊಸ ಗೋರಿಗಳ ಮಾರಾಟದಿಂದ ಬರುತ್ತಿದ್ದುದರಿಂದ, ಭೂಮಿ ತುಂಬಿದ ದಿನ ಭರವಸೆಯ ಆಧಾರವೇ ಕಳಚಿಬೀಳುವುದು ಮೊದಲೇ ನಿಶ್ಚಯವಾಗಿತ್ತು. 1852ರ ನಂತರ ಪ್ಯಾರಿಷ್‌ಗಳೇ ಅಗ್ಗದ ಸ್ಮಶಾನಗಳನ್ನು ತೆರೆದವು, 1960ರ ದಶಕದ ಕೊನೆಯ ಹೊತ್ತಿಗೆ ಬ್ರಿಟನ್ನಿನಲ್ಲಿ ಹೂಳುವವರಿಗಿಂತ ಸುಡುವವರೇ ಹೆಚ್ಚಾದರು. ನನ್‌ಹೆಡ್ 1969ರಲ್ಲಿ ಬಾಗಿಲು ಮುಚ್ಚಿತು, ಕೆಲವೇ ವರ್ಷಗಳಲ್ಲಿ ಸ್ಥಳೀಯ ಪೌರಸಂಸ್ಥೆ ಅದನ್ನು ಒಂದು ಪೌಂಡಿಗೆ ಕೊಂಡಿತು. ಹೈಗೇಟ್‌ನಲ್ಲಿ ಸಸಿ ಮರವಾಗಿ ಕಲ್ಲುಗಳನ್ನು ಸೀಳಿತು, ಸೀಸಕ್ಕಾಗಿ ಮತ್ತು ಬರಿಯ ಕುಚೇಷ್ಟೆಗಾಗಿ ಸಮಾಧಿಕೋಣೆಗಳ ಬಾಗಿಲು ಒಡೆಯುವುದು ನಡೆಯಿತು, 1970ರ ಹೊತ್ತಿಗೆ ಅಲ್ಲೊಂದು ರಕ್ತಪಿಶಾಚಿ ಇದೆಯೆಂಬ ಪತ್ರಿಕಾ ಸುದ್ದಿಯನ್ನು ನಂಬಿ ಜನ ರಾತ್ರಿ ಗೋಡೆ ಹಾರಿದರು. ಅದನ್ನು ಉಳಿಸಿದ್ದು 1975ರಲ್ಲಿ ರೂಪುಗೊಂಡ ಸ್ವಯಂಸೇವಕರ ಸಂಘ. ನಾರ್ವುಡ್‌ನಲ್ಲಿ ಸ್ಥಳೀಯ ಆಡಳಿತ ಸಾವಿರಾರು ಸ್ಮಾರಕಗಳನ್ನು ಕಿತ್ತು ಹಳೆಯ ನಿವೇಶನಗಳನ್ನು ಮತ್ತೆ ಮಾರಿದ್ದು ಕಾನೂನುಬಾಹಿರವೆಂದು ಚರ್ಚಿನ ನ್ಯಾಯಾಲಯ 1994ರಲ್ಲಿ ತೀರ್ಪಿತ್ತಿತು: ಕಂಪನಿ ಸತ್ತರೂ ಅದು ಮಾರಿದ ಹಕ್ಕು ಸಾಯುವುದಿಲ್ಲ ಎಂಬುದು ಅದರ ತಾತ್ಪರ್ಯ.

ಆ ಹಕ್ಕನ್ನು ತಿದ್ದಲು ಪಾರ್ಲಿಮೆಂಟೇ ಬರಬೇಕಾಯಿತು. 2022ರ ಹೈಗೇಟ್ ಸ್ಮಶಾನ ಕಾಯಿದೆಯ ಪ್ರಕಾರ, 75 ವರ್ಷಗಳಿಂದ ಯಾರನ್ನೂ ಹೂಳದ ಗೋರಿಗಳ ಶಾಶ್ವತ ಹಕ್ಕನ್ನು, ಸಾರ್ವಜನಿಕ ಪ್ರಕಟಣೆ ಹೊರಡಿಸಿ ವಾರಸುದಾರರ ತಕರಾರಿಗೆ ಅವಕಾಶ ಕೊಟ್ಟ ಮೇಲೆ, ರದ್ದುಗೊಳಿಸಬಹುದು. ಹಳೆಯ ಅವಶೇಷಗಳನ್ನು ಅದೇ ಗುಂಡಿಯಲ್ಲಿ ಇನ್ನೂ ಆಳಕ್ಕೆ ಇಳಿಸಿ, ಮೇಲಿನ ಜಾಗವನ್ನು ಹೊಸಬರಿಗೆ ಕೊಡಬಹುದು. ಹಳ್ಳಿಯ ಚರ್ಚ್ ಅಂಗಳದ ಗುಂಡಿ ತೋಡುವವರು ಶತಮಾನಗಳ ಕಾಲ ಮಾಡುತ್ತಿದ್ದುದೂ ಹೆಚ್ಚುಕಡಿಮೆ ಇದನ್ನೇ. ಈಗ ಅದಕ್ಕೆ ಅರ್ಜಿ ನಮೂನೆಯಿದೆ.